ಸತ್ಯಾಂಶ: 1500 ಸಕ್ಷನ್‌ನ ಚಿಮಣಿಯೇ ಬೇಕೆ?

ಡೊಂಬಿವಲಿ, ಠಾಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: "ಅಡುಗೆಮನೆ ಹೊಸದಾಗಿ ಮಾಡಿಸುವವರು 1500 ಸಕ್ಷನ್‌ಗಿಂತ ಕಡಿಮೆ ಚಿಮಣಿ ಕೊಂಡರೆ ಹಣ ದಂಡ."

ಇದು ನಿಜವಲ್ಲ. ಸಕ್ಷನ್ ಎಂದರೆ ಒಲೆಯ ಮೇಲೆ ಕೂರಿಸುವ ಈ ಯಂತ್ರ ಹೊಗೆಗಾಳಿ ಎಳೆಯುವ ಶಕ್ತಿ; ಆ ಅಂಕಿ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯಬಹುದು ಎಂಬುದರ ಗರಿಷ್ಠ ಲೆಕ್ಕ. ಮನೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಎಂಬುದನ್ನು ನಿರ್ಧರಿಸುವುದು ಹೊಗೆ ಕೊಳವೆ. 8×7 ಅಡಿಯ, 9 ಅಡಿ ಎತ್ತರದ ಅಡುಗೆಮನೆಯಲ್ಲಿರುವ ಗಾಳಿಯೇ ಸುಮಾರು 14 ಘನ ಮೀಟರ್, ಅಂದರೆ 1500ರ ಒಂದು ಸಣ್ಣ ಪಾಲು. ದಿನವೂ ಒಗ್ಗರಣೆ, ವಾರಕ್ಕೊಮ್ಮೆ ಕರಿಯುವ ಮನೆಗೆ ಸರಿಯಾಗಿ ಕೂರಿಸಿದ 1000ದ ಚಿಮಣಿ ಧಾರಾಳವಾಯಿತು.

ಹಣ ನಿಜವಾಗಿ ಪೋಲಾಗುವುದು ಕೊಳವೆ ಹೊರಹೋಗುವ ಗೋಡೆಯ ತೂತಿನಲ್ಲಿ. ಚಿಮಣಿಯ ಬಾಯಿ 6 ಇಂಚು ಇದ್ದು ತೂತು 4 ಇಂಚಿನದಾದರೆ ಗಾಳಿಯ ದಾರಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ, 44 ಶೇಕಡಾ ಮಾತ್ರ. ಆಗ ಸದ್ದು ಹೆಚ್ಚು, ಹೊಗೆ ಅಲ್ಲೇ. ಆದ್ದರಿಂದ ಟೈಲ್ಸ್ ಹಾಕುವ ಮೊದಲೇ 6 ಇಂಚಿನ ಕೊಳವೆ ಸಲೀಸಾಗಿ ಹೋಗುವಷ್ಟು ತೂತು ಕೊರೆಸಿ. ತೊಲೆ, ಕಂಬ ಮುಟ್ಟಕೂಡದು; ಹೊರಗೋಡೆಯಾದರೆ ಸೊಸೈಟಿಯ ಅನುಮತಿ ಮೊದಲು. ಕೊಳವೆ ಗಿಡ್ಡವಿರಲಿ, ತಿರುವು ಒಂದೇ ಇರಲಿ. ಹೊರಬಾಯಿಗೆ ಮುಚ್ಚಳವಿರುವ ಜಾಲರಿ ಬೇಕೇ ಬೇಕು, ಇಲ್ಲದಿದ್ದರೆ ಮುಂಬಯಿಯ ಮಳೆ, ಪಾರಿವಾಳ ಎರಡೂ ಒಳಗೆ ಬರುತ್ತವೆ.

ಒಲೆಯಿಂದ ಎತ್ತರ ಸಾಮಾನ್ಯವಾಗಿ 65ರಿಂದ 75 ಸೆಂ.ಮೀ.; ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಎರಡು ಬರ್ನರ್‌ನ ಒಲೆಗೆ 60 ಸೆಂ.ಮೀ. ಅಗಲ ಸಾಕು. ಕೊಳವೆಯಿಲ್ಲದ ಮಾದರಿ ಅಗ್ಗವೆನಿಸಿದರೂ ಇದ್ದಿಲ ಫಿಲ್ಟರ್ ಆಗಾಗ ಬದಲಿಸಬೇಕು, ಸೆಕೆಯೂ ಹೊರಹೋಗುವುದಿಲ್ಲ.