ನ್ಯಾನೋಜೈಮ್ ಬಂತು, ಆ್ಯಂಟಿಬಯೋಟಿಕ್ ಬಿಡಿ ಎನ್ನುವ ಮೆಸೇಜ್ ಬಗ್ಗೆ ಸ್ಪಷ್ಟನೆ

"ಆ್ಯಂಟಿಬಯೋಟಿಕ್ ಕಾಲ ಮುಗಿಯಿತು. ನ್ಯಾನೋಜೈಮ್ ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅದಕ್ಕೆ ಪ್ರತಿರೋಧವೇ ಬೆಳೆಯುವುದಿಲ್ಲ" ಎಂಬ ಮೆಸೇಜ್ ಓಡಾಡುತ್ತಿದೆ. ನ್ಯಾನೋಜೈಮ್ ಅಂದರೆ ಕಿಣ್ವದಂತೆ ಕೆಲಸ ಮಾಡುವ ಅತಿ ಸಣ್ಣ ಕೃತಕ ಕಣ. ಮೆಸೇಜಿನಲ್ಲಿ ನಿಜ ಸ್ವಲ್ಪ, ಆತುರ ಜಾಸ್ತಿ.

ನಿಜ ಇಷ್ಟು. ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳು ಪೆರಾಕ್ಸಿಡೇಸ್ ಕಿಣ್ವದಂತೆ ಕೆಲಸ ಮಾಡುತ್ತವೆ ಎಂದು ಚೀನಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕರೆ ಈ ಕಣಗಳು ಅದನ್ನು ಸಿಕ್ಕ ಅಣುವನ್ನೆಲ್ಲ ಕೆಡಿಸುವ ಉಗ್ರವಾದ ಫ್ರೀ ರಾಡಿಕಲ್‌ಗಳಾಗಿ ಒಡೆಯುತ್ತವೆ. ಅವು ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಸುಡುತ್ತವೆ.

ಆದರೆ ಈ ಕೆಲಸ ಚೆನ್ನಾಗಿ ನಡೆಯುವುದು ಆಮ್ಲೀಯ ಜಾಗದಲ್ಲಿ. ಹಲ್ಲಿನ ಪಾಚಿ ಅಂಥ ಜಾಗ. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಅದಕ್ಕೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಔಷಧಿಯನ್ನೇ ಹಲ್ಲಿನ ಪಾಚಿಯ ಮೇಲೆ ಪ್ರಯೋಗಿಸಿತು. ಆದರೆ ರಕ್ತ ಆಮ್ಲೀಯವಲ್ಲ, ಅದರ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲ) ಸುಮಾರು 7.4. ಅಲ್ಲಿ ಇದೇ ಕಣದ ಆಟ ಬಹಳ ಮಂಕು. ಜೊತೆಗೆ ರಾಡಿಕಲ್‌ಗೆ ರೋಗಾಣು ಯಾವುದು, ನಮ್ಮ ಜೀವಕೋಶ ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ?

ಎಲ್ಲ ನ್ಯಾನೋಜೈಮ್ ಕೊಲ್ಲುವಂಥದ್ದೂ ಅಲ್ಲ. ಬೆಂಗಳೂರಿನ ಐಐಎಸ್‌ಸಿಯ ಜಿ. ಮುಗೇಶ್ ತಂಡ 2014ರಲ್ಲಿ ತೋರಿಸಿದ ವನೇಡಿಯಂ ಆಕ್ಸೈಡ್ ತಂತಿಗಳು ಪೆರಾಕ್ಸೈಡನ್ನು ತೆಗೆದುಹಾಕಿ ಜೀವಕೋಶವನ್ನು ಕಾಪಾಡುತ್ತವೆ. ಪೂರ್ತಿ ಉಲ್ಟಾ ಕೆಲಸ!

"ಪ್ರತಿರೋಧವೇ ಇಲ್ಲ" ಎನ್ನುವುದೂ ತಪ್ಪು. ಬೆಳ್ಳಿಯ ನ್ಯಾನೋ ಕಣಗಳ ವಿರುದ್ಧ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಂಡದ್ದು 2018ರಲ್ಲೇ ವರದಿಯಾಗಿದೆ. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವವಂತೂ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಮೊದಲಿಂದಲೂ ಇದೆ.

ಹಾಗಾಗಿ ಡಾಕ್ಟರ್ ಬರೆದ ಆ್ಯಂಟಿಬಯೋಟಿಕ್ ಕೋರ್ಸನ್ನು ಈ ಮೆಸೇಜ್ ನಂಬಿ ಸುಮ್ನೆ ಅರ್ಧಕ್ಕೆ ನಿಲ್ಲಿಸಬೇಡಿ.