ಬಾರದ ಬಾಡಿಗೆಯ ಬಾಬ್ತು

ಮೈಸೂರಲ್ಲಿ ನನ್ನದೊಂದು ಪುಟ್ಟ ಮನೆ ಇದೆ. ಅದರಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಬಾಡಿಗೆ ತಿಂಗಳಿಗೆ 4,000 ರೂಪಾಯಿ. ಆ ಬೀದಿಯಲ್ಲಿ ಅಂಥ ಮನೆಗೆ 20,000 ನಡೆಯುತ್ತಿದೆ ಅಂತ ನನಗೂ ಗೊತ್ತು. ಆದರೆ ಚಿಕ್ಕಂದಿನಲ್ಲಿ ನನ್ನ ಮೂಗೊರೆಸಿದವರ ಹತ್ತಿರ ಇನ್ನೂ ಹದಿನಾರು ಸಾವಿರ ಕೊಡಿ ಅನ್ನಲು ನಾಲಿಗೆ ಏಳುವುದಿಲ್ಲ. ರಿಟರ್ನ್ ತುಂಬಿಸುವ ದಿನ ಆಡಿಟರ ಮುಂದೆ ಇದನ್ನು ಸ್ವಲ್ಪ ಜಂಬದಿಂದಲೇ ಹೇಳಿಕೊಂಡೆ.

"ನೀವು 4,000 ತಗೊಳ್ಳಿ, 400 ತಗೊಳ್ಳಿ. ಇಲಾಖೆ ಲೆಕ್ಕದಲ್ಲಿ ನಿಮಗೆ 20,000 ಬಂದಿದೆ" ಅಂದರು.

"ಬಂದಿಲ್ಲವಲ್ಲ ಸಾರ್?"

"ಬರಬೇಕಿತ್ತಲ್ಲ ಸ್ವಾಮಿ!"

1961ರ ಆದಾಯ ತೆರಿಗೆ ಕಾಯ್ದೆಯ 23ನೇ ಸೆಕ್ಷನ್ ಹೇಳುವುದು ಇದನ್ನೇ. ಬಾಡಿಗೆಗೆ ಕೊಟ್ಟ ಮನೆಯಿಂದ ವರ್ಷಕ್ಕೆ ಎಷ್ಟು ನಿರೀಕ್ಷಿಸಬಹುದೋ ಅದು ಆದಾಯ. ನಾನೇನಾದರೂ ಯಾರನ್ನೋ ಹಿಂಡಿ 50,000 ವಸೂಲು ಮಾಡಿದರೆ ಆಗ ನಿರೀಕ್ಷೆ ಗಿರೀಕ್ಷೆ ಏನಿಲ್ಲ. ಹೆಚ್ಚು ಬಂದರೆ ಬಂದದ್ದು ಲೆಕ್ಕ, ಕಡಿಮೆ ಬಂದರೆ ಬರಬೇಕಾದದ್ದು ಲೆಕ್ಕ. 2025ರಲ್ಲಿ ಹೊಸ ಕಾಯ್ದೆ ಮಾಡಿ, 536 ಸೆಕ್ಷನ್‌ಗಳಲ್ಲಿ ಎಲ್ಲ ಸರಳ ಮಾಡಿದ್ದೇವೆ ಅಂದರು. ಈ ನಿರೀಕ್ಷೆಯನ್ನು ಮಾತ್ರ ಗಾಜಿನ ಸಾಮಾನಿನ ಹಾಗೆ ಜೋಪಾನವಾಗಿ ಹೊಸ ಮನೆಗೂ ಸಾಗಿಸಿದ್ದಾರೆ.

ಆಡಿಟರು ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಕಾಣದ ಬಾಡಿಗೆ 2,40,000. ಅದರಲ್ಲಿ 30 ಪರ್ಸೆಂಟ್, ಅಂದರೆ 72,000, ರಿಪೇರಿ ಗಿಪೇರಿಗೆ ಅಂತ ಬಿಟ್ಟುಕೊಡುತ್ತಾರೆ. ಬಾರದ ಬಾಡಿಗೆಗೆ ಮಾಡದ ಸುಣ್ಣಬಣ್ಣ. ಸರ್ಕಾರಕ್ಕೆ ಕರುಣೆಯಿಲ್ಲ ಅಂತ ಯಾರೂ ಅನ್ನಬಾರದು. ಉಳಿದದ್ದು 1,68,000. ಅದಕ್ಕೆ ನನ್ನ 30 ಪರ್ಸೆಂಟ್ ಸ್ಲ್ಯಾಬು, ಮೇಲೆ 4 ಪರ್ಸೆಂಟ್ ಸೆಸ್ಸು: 52,416 ರೂಪಾಯಿ. ಚಿಕ್ಕಮ್ಮ ವರ್ಷಕ್ಕೆ ಕೊಡುವುದು 48,000. ಕಟ್ಟಿದ ಕಂದಾಯ ಕಳೆದರೆ ತುಸು ಇಳಿಯುತ್ತದೆ, ಸರಿ. ಆದರೂ ಮನೆ ನನ್ನದು, ಬಾಡಿಗೆ ಕಟ್ಟುತ್ತಿರುವವನೂ ನಾನೇ!

ಕಾಯ್ದೆಗೆ ನಂಟಸ್ತಿಕೆಯ ಮೇಲೆ ಕೋಪ ಅಂತ ಹೇಳಿದರೆ ತಪ್ಪಾದೀತು. ಹೆತ್ತ ತಾಯಿಯ ಮನೆಯಲ್ಲೇ ಇದ್ದುಕೊಂಡು, ಆಕೆಗೆ ತಿಂಗಳು ತಿಂಗಳು ಬಾಡಿಗೆ ಎಣಿಸಿ, ರಸೀದಿಗೆ ಸಹಿ ಹಾಕಿಸಿಕೊಳ್ಳುವ ಮಗನಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ, ಅಂದರೆ ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆಗೆ, ವಿನಾಯಿತಿ ಉಂಟು. ಬಾಡಿಗೆ ವರ್ಷಕ್ಕೆ ಲಕ್ಷ ದಾಟಿದರೆ ಅಮ್ಮನ ಪ್ಯಾನ್ ನಂಬರೂ ಬರೆದುಕೊಟ್ಟರಾಯಿತು.

"ಒಂದು ದಾರಿ ಇದೆ" ಅಂದರು ಆಡಿಟರು. "ಎರಡು ಮನೆವರೆಗೆ ಸ್ವಂತ ವಾಸಕ್ಕೆ ಅಂತ ಆದಾಯ ಸೊನ್ನೆ ತೋರಿಸಬಹುದು. ಯಾಕೆ ಅಲ್ಲಿ ವಾಸ ಇಲ್ಲ ಅಂತ 2025ರ ಬಜೆಟ್ ಆದ ಮೇಲೆ ಕೇಳೋದನ್ನೂ ಬಿಟ್ಟಿದ್ದಾರೆ. ಆದರೆ ಒಂದೇ ಒಂದು ರೂಪಾಯಿ ಬಾಡಿಗೆ ಮುಟ್ಟಕೂಡದು. ಮುಟ್ಟಿದಿರೋ, 20,000!"

ಅಂದೇ ಸಂಜೆ ಫೋನ್ ಮಾಡಿ, ಇನ್ನು ಮೇಲೆ ಬಾಡಿಗೆ ಬೇಡ ಚಿಕ್ಕಮ್ಮ ಅಂದೆ. ಆ ಕಡೆ ಕುಕ್ಕರು ಎರಡು ಸಲ ಕೂಗುವವರೆಗೂ ಮಾತಿಲ್ಲ.

"ಯಾಕೋ? ನಾವೇನು ಬಿಟ್ಟಿ ಬಿದ್ದಿರೋರು ಅಂದ್ಕೊಂಡ್ಯಾ? ನಾಳೆ ನಿನ್ನ ಹೆಂಡ್ತಿ ಏನಂದಾಳು?"

23ನೇ ಸೆಕ್ಷನ್ನು ಅಂದೆ. ಅದ್ಯಾವ ಶನಿಯೋ ಅಂದರು. ಕೊನೆಗೆ ಒಪ್ಪಿದರು. ಒಪ್ಪಿದವರು ಸುಮ್ಮನಿರಲಿಲ್ಲ. ಮರುವಾರವೇ ತವರಿನಿಂದ ತಂದ ಮಿಡಿ ಉಪ್ಪಿನಕಾಯಿಯ ಭರಣಿ, ಎರಡು ಕಟ್ಟು ಹಲಸಿನ ಹಪ್ಪಳ ಬಸ್ಸಿಗೆ ಹಾಕಿ ಕಳಿಸಿದರು. ಋಣ ಇಟ್ಟುಕೊಳ್ಳುವ ಜಾಯಮಾನ ಅವರದ್ದಲ್ಲ.

ನಾನೇ ಬಾಯಿ ತಡೆಯದೆ ಆಡಿಟರಿಗೆ ಹೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. ಬಾಡಿಗೆಯಷ್ಟೇ ಅಲ್ಲ, ಆ ಮನೆಯಿಂದ ಒಡೆಯನಿಗೆ "ಬೇರಾವುದೇ ಪ್ರಯೋಜನ" ಬಂದರೂ ಸೊನ್ನೆ ತಪ್ಪಿಹೋಗುತ್ತದಂತೆ. ಅದೂ ಅದೇ ಸೆಕ್ಷನ್ನಿನಲ್ಲೇ ಇದೆ.

"ಉಪ್ಪಿನಕಾಯಿ ಪ್ರಯೋಜನವಾ ಸಾರ್?"

ಅವರು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ಯಾವ ಮಿಡಿ? ಅಪ್ಪೆಮಿಡಿನಾ?"

ಹೌದು ಅಂದೆ.

"ಛೆ, ಅದಕ್ಕೆ ಮಾರ್ಕೆಟ್ ರೇಟ್ ಜಾಸ್ತಿ."