ಮೊಬೈಲ್ ನೋಡಿ ಕುಂಭಕ ಮಾಡುವವರಿಗೆ, ಅದನ್ನು ಹೇಳಿಕೊಡುವವರಿಗೂ

ಬೆನ್ನುಹುರಿಯ ಬುಡದಲ್ಲಿ ಮಲಗಿದೆ ಅನ್ನುವ ಶಕ್ತಿಯನ್ನು, ಅಂದರೆ ಕುಂಡಲಿನಿಯನ್ನು, ಎಬ್ಬಿಸುವುದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಹುಡುಕಿದರೆ ಸಾಲುಸಾಲು ವಿಡಿಯೊ ಬರುತ್ತವೆ. ಇಷ್ಟು ದಿನದಲ್ಲಿ ಜಾಗೃತಿ, ಇಷ್ಟು ನಿಮಿಷದಲ್ಲಿ ಮೂರನೇ ಕಣ್ಣು. ಹಿಂದೆ ತಂಬೂರಿ ಶ್ರುತಿ, ಮುಂದೆ ನೀಲಿ ಬೆಳಕು. ಕೆಲವನ್ನು ಕೂತು ಪೂರ್ತಿ ನೋಡಿದೆ. ಭಸ್ತ್ರಿಕಾ (ತಿದಿಯ ಹಾಗೆ ಜೋರಾಗಿ ಉಸಿರಾಡುವುದು) ಎಷ್ಟು ಸುತ್ತು, ಕುಂಭಕದಲ್ಲಿ ಉಸಿರು ಎಷ್ಟು ಹೊತ್ತು ಹಿಡಿಯಬೇಕು, ಮೂಲಬಂಧ (ಗುದದ ಸುತ್ತಲ ಸ್ನಾಯು ಬಿಗಿಹಿಡಿಯುವುದು) ಯಾವಾಗ ಹಾಕಬೇಕು, ಎಲ್ಲ ಹೇಳುತ್ತಾರೆ. ನಿಮಗೆ ಬಿಪಿ ಇದೆಯಾ, ಯಾವತ್ತಾದರೂ ಫಿಟ್ಸ್ ಬಂದಿತ್ತಾ, ರಾತ್ರಿ ನಿದ್ದೆ ಬರುತ್ತಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಅವರಿಗೆ ತಲುಪುವುದಿಲ್ಲ ಅಲ್ವಾ? ಎದುರಿಗೆ ಇರುವುದು ಬರೀ ಕ್ಯಾಮೆರಾ.

ನಾನು ಶಿವಮೊಗ್ಗದಲ್ಲಿ ಬೆಳಗಿನ ಹೊತ್ತು ಯೋಗ ಹೇಳಿಕೊಡುತ್ತೇನೆ. ಈಚೆಗೆ ಬರುವವರಲ್ಲಿ ಹೊಸ ತರಹದವರು ಜಾಸ್ತಿಯಾಗಿದ್ದಾರೆ. ಅವರಿಗೆ ಆಸನ ಬೇಡ. "ಅದೆಲ್ಲ ಮನೆಯಲ್ಲೇ ಮಾಡ್ಕೊಂಡಿದ್ದೀನಿ ಮೇಡಂ, ಮುಂದಿನದು ಹೇಳಿ" ಅನ್ನುತ್ತಾರೆ. ನನ್ನ ಮಾತು ಇಷ್ಟೇ. ಉಸಿರು ಕಟ್ಟುವ, ಪ್ರಾಣ ಏರಿಸುವ ಸಾಧನೆ ಮಾಡುವಾಗ ಎದುರಿಗೆ ಒಬ್ಬರು ಇರಬೇಕು. ನಿಮ್ಮ ಮುಖ ನೋಡುವವರು, ನೋಡಿ "ಸಾಕು, ನಿಲ್ಲಿಸು" ಅನ್ನುವವರು, ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವರು. ಅವರು ಇಲ್ಲದಿರುವಾಗ ಆಗುವ ಅನಾಹುತದ ಹೊಣೆ ಕಲಿಯಲು ಹೊರಟವರಿಗಿಂತ, ಹಿಂದೆ ಮುಂದೆ ನೋಡದೆ ಹೇಳಿಕೊಟ್ಟವರದ್ದು.

ಒಬ್ಬ ಕಾಲೇಜು ಹುಡುಗ ತರಗತಿಗೆ ಬಂದ ಮೊದಲ ವಾರವೇ, ನಾವೆಲ್ಲ ಶವಾಸನದಲ್ಲಿದ್ದಾಗ, ಮೂಲೆಯಲ್ಲಿ ಕೂತು ತಾನೇ ಕಲಿತಿದ್ದ ಭಸ್ತ್ರಿಕಾ ಶುರು ಮಾಡಿದ್ದ. ನಾನು ತಿರುಗಿ ನೋಡುವಷ್ಟರಲ್ಲಿ ಅವನ ಎರಡೂ ಕೈ ಸೆಟೆದಿದ್ದವು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಉಳಿದ ಬೆರಳು ನೆಟ್ಟಗೆ ನಿಂತು ಒಂದಕ್ಕೊಂದು ಅಂಟಿಕೊಂಡಿದ್ದವು. ಮಣಿಕಟ್ಟು ಒಳಕ್ಕೆ ಬಾಗಿತ್ತು. ಬಿಡಿಸಲು ಹೋದರೆ ಬರಲಿಲ್ಲ. ತುಟಿ ಸುತ್ತ ಜುಮ್ಮೆನ್ನುತ್ತಿದೆ ಅಂದ. ಕಣ್ಣಲ್ಲಿ ಭಯ ಇತ್ತು, ಖುಷಿಯೂ ಇತ್ತು. "ಮೇಡಂ, ಇದು ಶಕ್ತಿ ಏರ್ತಾ ಇರೋದಲ್ವಾ?"

"ಬಾಯಿ ಮುಚ್ಚಪ್ಪ. ಮೂಗಲ್ಲಿ ತಗೋ. ಬಿಡೋದು ನಿಧಾನ, ಇನ್ನೂ ನಿಧಾನ" ಅಂದೆ. ಸ್ವಲ್ಪ ಹೊತ್ತಿಗೆ ಬೆರಳು ಒಂದೊಂದಾಗಿ ಸಡಿಲವಾದವು.

ಅಲ್ಲಿ ಆಗಿದ್ದು ಇದು. ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ವಿಪರೀತ ಕಡಿಮೆಯಾಗುತ್ತದೆ. ರಕ್ತ ಕ್ಷಾರದ ಕಡೆ ವಾಲುತ್ತದೆ. ನರಗಳಿಗೆ ಸಿಗುವ ಕ್ಯಾಲ್ಸಿಯಂ ತಗ್ಗಿ ಸ್ನಾಯು ಸೆಳೆದುಕೊಳ್ಳುತ್ತದೆ. ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ, ಅದಕ್ಕೇ ತಲೆ ಹಗುರವಾಗಿ ತೇಲಿದ ಹಾಗೆ, ಕಣ್ಣ ಮುಂದೆ ಬೆಳಕು ಮಿಂಚಿದ ಹಾಗೆ ಆಗುತ್ತದೆ. ಇದನ್ನು ಗೊತ್ತಿದ್ದವರು ಪಕ್ಕದಲ್ಲಿದ್ದರೆ ಐದು ನಿಮಿಷದ ವಿಷಯ. ಇಲ್ಲದಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡ ಹುಡುಗ ಅದನ್ನೇ ಸಾಧನೆ ಅಂದುಕೊಂಡು ಮರುದಿನ ಎರಡು ಪಟ್ಟು ಮಾಡುತ್ತಾನೆ.

ಆಸ್ಪತ್ರೆಯಲ್ಲಿ ಮಿದುಳಿನ ಇಇಜಿ ಪರೀಕ್ಷೆ ಮಾಡಿಸಿಕೊಂಡವರಿಗೆ ನೆನಪಿರಬಹುದು. ತಲೆಗೆ ವೈರು ಅಂಟಿಸಿ, ಸುಮಾರು 3 ನಿಮಿಷ ಜೋರಾಗಿ ಉಸಿರಾಡಿ ಅನ್ನುತ್ತಾರೆ. ಯಾಕೆ ಗೊತ್ತಾ? ಫಿಟ್ಸ್‌ನ ಒಲವು ಇದ್ದರೆ ಹಾಗೆ ಉಸಿರಾಡಿದಾಗ ಅದು ಹೊರಗೆ ಕಾಣಿಸಿಕೊಳ್ಳುತ್ತದೆ ಅಂತ. ವೈದ್ಯರು ತಂತ್ರಜ್ಞರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು 3 ನಿಮಿಷ ಮಾಡಿಸುವುದನ್ನು ಇಲ್ಲಿ ವಿಡಿಯೊ ನೋಡಿಕೊಂಡು ಒಬ್ಬರೇ ಅರ್ಧ ಗಂಟೆ ಮಾಡುತ್ತಿದ್ದಾರೆ.

ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಪ್ರಾಣದ ಪ್ರಶ್ನೆ. ಉಸಿರು ಹಿಡಿದಾಗ "ಇನ್ನು ಆಗಲ್ಲ" ಅನ್ನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ, ಆಮ್ಲಜನಕ ಇಳಿದಿದ್ದಕ್ಕಲ್ಲ. ಮೊದಲೇ ಜೋರಾಗಿ ಉಸಿರಾಡಿ ಅದನ್ನು ಹೊರಗೆ ಹಾಕಿದ್ದರೆ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪಬಹುದು. ನೆಲದ ಮೇಲಿದ್ದರೆ ಬಿದ್ದು ಏಳುತ್ತೀರಿ. ಹೊಳೆಯಲ್ಲೋ ಈಜುಕೊಳದಲ್ಲೋ ಇದ್ದರೆ ಏಳುವುದಿಲ್ಲ. ಇಂಥ ಉಸಿರಾಟ ಮಾಡಿ ನೀರಿಗೆ ಇಳಿಯಲೇಬೇಡಿ.

"ಪ್ರಾಣಾಯಾಮದಿಂದ ಯಾರಿಗೆ ಏನಾಗುತ್ತೆ ಬಿಡಿ" ಅನ್ನುವವರು ತುಂಬ ಜನ. 2004ರಲ್ಲಿ ಎದೆರೋಗಗಳ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 29 ವರ್ಷದ ಆರೋಗ್ಯವಂತ ಹೆಣ್ಣುಮಗಳೊಬ್ಬಳ ಪ್ರಕರಣ ವರದಿಯಾಗಿದೆ. ಉಸಿರನ್ನು ರಭಸದಿಂದ ಹೊರಹಾಕುವ ಕಪಾಲಭಾತಿಯನ್ನು ಅತಿಯಾಗಿ ಮಾಡಿ ಆಕೆಯ ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಂಡಿತ್ತು. ಇದು ತೀರಾ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುವುದು ಅಪರೂಪವಲ್ಲ, ಎಲ್ಲರಿಗೂ ಆಗುವಂಥದ್ದು. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರಿಗೆ ಅದು ಸುಮ್ನೆ ಬಿಡುವ ವಿಷಯ ಅಲ್ಲ.

ಇದು ಇವತ್ತಿನ ಡಾಕ್ಟರುಗಳು ಕಂಡುಹಿಡಿದ ಎಚ್ಚರಿಕೆ ಅಂತಲೂ ಅಲ್ಲ. ಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯ ತೆಗೆದು ನೋಡಿ. ಸಿಂಹ, ಆನೆ, ಹುಲಿಯನ್ನು ಹೇಗೆ ಮೆಲ್ಲಮೆಲ್ಲಗೆ ಪಳಗಿಸುತ್ತಾರೋ ಹಾಗೆ ವಾಯುವನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ ಸ್ವಾತ್ಮಾರಾಮ ನೇರವಾಗಿ ಬರೆದಿದ್ದಾನೆ. ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಿವಿನೋವು, ಕಣ್ಣುನೋವು ಬರುತ್ತದೆ ಅಂತ ಪಟ್ಟಿಯನ್ನೂ ಕೊಟ್ಟಿದ್ದಾನೆ. ನಮ್ಮೂರ ಹತ್ತಿರ ಸಕ್ರೆಬೈಲಿನಲ್ಲಿ ಆನೆ ಪಳಗಿಸುವುದನ್ನು ಕಂಡವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಕಾಡಿನಿಂದ ತಂದ ಆನೆಯನ್ನು ದಪ್ಪ ಮರದ ದಿಮ್ಮಿಗಳ ದೊಡ್ಡಿಯಲ್ಲಿ (ಕ್ರಾಲ್) ಇಟ್ಟಿರುತ್ತಾರೆ. ಮಾವುತ, ಕಾವಾಡಿ ಅದರ ಜೊತೆಯಲ್ಲೇ ಇದ್ದು ತಿನ್ನಿಸುತ್ತಾರೆ, ಮಾತಾಡಿಸುತ್ತಾರೆ, ಅದರ ಕಿವಿ ಬಾಲ ನೋಡಿಯೇ ಇವತ್ತು ಹತ್ತಿರ ಹೋಗಬಹುದೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ. ಪ್ರದೀಪಿಕೆಯ ಮೊದಲ ಸಾಲುಗಳನ್ನು ಉದ್ಧರಿಸುವ ವಿಡಿಯೊದವರು ಈ ಶ್ಲೋಕವನ್ನು ಯಾಕೆ ಹಾರಿಸುತ್ತಾರೆ ಅನ್ನುವುದು ನನಗೆ ತುಂಬ ನೋವಿನ ಪ್ರಶ್ನೆ.

ಪತಂಜಲಿ ಕೂಡ ಆಸನ ಸ್ಥಿರವಾದ ಮೇಲೆ ಪ್ರಾಣಾಯಾಮ ಅಂದ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಲೋಕಕ್ಕೆಲ್ಲ ಯೋಗ ಕಲಿಸಿದರು, ಅವರ ಪಾಠದಲ್ಲೂ ಅದೇ ಕ್ರಮ. ಮೊದಲು ಮೈ, ಆಮೇಲೆ ಉಸಿರು.

ಮೈಗೆ ಆಗುವುದನ್ನಾದರೂ ಬೇಗ ಗುರುತಿಸಬಹುದು. ನನಗೆ ಜಾಸ್ತಿ ಚಿಂತೆ ಮನಸ್ಸಿನದ್ದು. ಬ್ರಾಹ್ಮೀ ಮುಹೂರ್ತ ಅಂತ ಮೂರು ಗಂಟೆಗೆ ಏಳುತ್ತಾರೆ, ಮಲಗುವುದು ಮಾತ್ರ ಹನ್ನೆರಡಕ್ಕೆ. ಊಟ ಕಡಿಮೆ ಮಾಡುತ್ತಾರೆ. ಗಂಟೆಗಟ್ಟಲೆ ಕೂರುತ್ತಾರೆ. ಸ್ವಲ್ಪ ದಿನಕ್ಕೆ "ನಿದ್ದೆಯೇ ಬೇಕಾಗಲ್ಲ, ಆದ್ರೂ ಸುಸ್ತಿಲ್ಲ, ಎಲ್ಲದರಲ್ಲೂ ಸಂಕೇತ ಕಾಣಿಸ್ತಿದೆ" ಅನ್ನುತ್ತಾರೆ. ವಿಡಿಯೊದ ಕೆಳಗೆ ಇದನ್ನು ಬರೆದರೆ "ಕ್ರಿಯೆ ನಡೀತಿದೆ, ಮುಂದುವರಿಸಿ" ಅಂತ ಉತ್ತರ ಬರುತ್ತದೆ. ಅದೇ ಮಾತನ್ನು ಮನೋವೈದ್ಯರ ಮುಂದೆ ಹೇಳಿದರೆ ಅವರು ತಕ್ಷಣ ಎಚ್ಚರವಾಗುತ್ತಾರೆ. ನಿದ್ದೆ ಇಲ್ಲದೆಯೂ ಸುಸ್ತಾಗದಿರುವುದು ಉನ್ಮಾದದ (ಮೇನಿಯಾ) ದೊಡ್ಡ ಗುರುತು. ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಒಲವು ಇದ್ದವರಿಗೆ ನಿದ್ದೆ ಕೆಡುವುದೇ ಕಾಯಿಲೆ ಕೆರಳಲು ಸಾಕು. ಮನೆಯವರಾದರೂ ಏನು ಮಾಡಿಯಾರು? ಮೊದಲು ಹೆಮ್ಮೆ ಪಡುತ್ತಾರೆ, ಆಮೇಲೆ ಹೆದರುತ್ತಾರೆ, ಆಮೇಲೆ ಯಂತ್ರ ಕಟ್ಟಿಸಲು ಓಡಾಡುತ್ತಾರೆ. ಡಾಕ್ಟರ ಹತ್ತಿರ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಗೋಪಿ ಕೃಷ್ಣ ಅವರ ಬದುಕು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಜಮ್ಮುವಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದ ಸಂಸಾರಸ್ಥ. ಗುರು ಇಲ್ಲದೆ 17 ವರ್ಷ ಬೆಳಗಿನ ಜಾವ ನೆತ್ತಿಯ ಕಮಲದ ಮೇಲೆ ಮನಸ್ಸಿಟ್ಟು ಕೂತವರು. 1937ರ ಡಿಸೆಂಬರಿನ ಒಂದು ಬೆಳಗ್ಗೆ ಬೆನ್ನುಹುರಿಯಿಂದ ಬೆಳಕು ಜಲಪಾತದ ಸದ್ದಿನೊಂದಿಗೆ ತಲೆಗೆ ನುಗ್ಗಿತು ಅಂತ ಅವರೇ ಬರೆದುಕೊಂಡಿದ್ದಾರೆ. ಆಗ 34 ವರ್ಷ. ಆಮೇಲಿನದು ನರಕ. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ಒಳಗೆಲ್ಲ ಉರಿ, ಹುಚ್ಚು ಹಿಡಿಯುತ್ತದೆ ಅನ್ನುವ ಭಯ. ಹೆಂಡತಿ ಮಕ್ಕಳ ಮೇಲಿನ ಪ್ರೀತಿಯೂ ಬತ್ತಿಹೋದಂತೆ ಅನ್ನಿಸಿತಂತೆ. ಶಕ್ತಿ ಬಲಗಡೆಯ ಬಿಸಿ ನಾಡಿಯಾದ ಪಿಂಗಳಾದಲ್ಲಿ ಏರಿರಬೇಕು ಅಂತ ಊಹಿಸಿ, ಎಡಗಡೆಯ ಇಡಾದಲ್ಲಿ ತಂಪು ಹರಿಯುವುದನ್ನು ಭಾವಿಸಿಕೊಂಡಾಗ ಉರಿ ತಗ್ಗಿತು ಅನ್ನುತ್ತಾರೆ. ಪೂರ್ತಿ ಸುಧಾರಿಸಿಕೊಳ್ಳಲು ವರ್ಷಗಳೇ ಬೇಕಾದವು. ಇದನ್ನು ಕುಂಡಲಿನಿ ಅನ್ನಿ, ಮನಸ್ಸಿನ ಕಾಯಿಲೆ ಅನ್ನಿ, ಅವರು ಪಟ್ಟ ಪಾಡು ಒಂದೇ. ನನ್ನನ್ನು ಕಾಡುವುದು ಆಮೇಲಿನ ಸಂಗತಿ. ಸಹಾಯ ಮಾಡಬಲ್ಲವರನ್ನು ಅವರು ಹುಡುಕಿದರು. ಸಾಧುಗಳನ್ನು, ಬಲ್ಲವರನ್ನು ಕೇಳಿದರು. ಯಾರಿಗೂ ಏನು ಹೇಳಬೇಕೆಂದು ತಿಳಿಯಲಿಲ್ಲ.

ಜಪಾನಿನ ಝೆನ್ ಗುರು ಹಕುಯಿನ್‌ಗೂ 18ನೇ ಶತಮಾನದಲ್ಲಿ ಇಂಥದ್ದೇ ಆಗಿತ್ತು. ತಲೆ ಕಾದು ಕಾಲು ತಣ್ಣಗಾಗಿ ನರ ಸೋತಿತ್ತು. ನೆತ್ತಿಯ ಮೇಲಿನ ಬೆಣ್ಣೆಮುದ್ದೆ ಕರಗಿ ಮೈಯೆಲ್ಲ ಇಳಿಯುತ್ತಿದೆ ಅಂತ ಭಾವಿಸಲು ಗುಹೆಯ ಮುದುಕರೊಬ್ಬರು ಹೇಳಿಕೊಟ್ಟರಂತೆ. ಚೀನಾದಲ್ಲಿ 1980ರ ದಶಕದಲ್ಲಿ ಪಾರ್ಕು ಪಾರ್ಕಿನಲ್ಲೂ ಚಿಗಾಂಗ್ ಅನ್ನುವ ಅಲ್ಲಿಯ ಉಸಿರಿನ ಸಾಧನೆ ಹಬ್ಬಿದಾಗ ಅಲ್ಲಿಯ ಆಸ್ಪತ್ರೆಗಳೂ ಇಂಥವರನ್ನು ಕಂಡವು. ಅಮೆರಿಕದ ಮನೋವೈದ್ಯರ ಕೈಪಿಡಿಯ 1994ರ ಆವೃತ್ತಿಯಲ್ಲಿ ಚಿಗಾಂಗ್‌ನಿಂದ ಮನಸ್ಸು ಕೆಡುವ ಈ ತೊಂದರೆಯ ಹೆಸರೇ ಸೇರಿತು. ಮನುಷ್ಯ ಉಸಿರನ್ನೂ ಮನಸ್ಸನ್ನೂ ಬಲವಂತವಾಗಿ ತಿರುಗಿಸಲು ಹೊರಟ ಕಡೆಯೆಲ್ಲ ಇದು ಇದೆ.

"ಅದಕ್ಕೇ ಹೇಳೋದು, ಗುರು ಇಲ್ಲದೆ ಮಾಡಬಾರದು" ಅಂತ ಹಿರಿಯರು ತಲೆಯಾಡಿಸುತ್ತಾರೆ. ನಿಮ್ಮ ಮಾತಿನ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ಇನ್ನರ್ಧಕ್ಕೆ ಒಂದು ಪ್ರಶ್ನೆ. ಗುರು ಯಾರಿಗೆ ಸಿಗುತ್ತಿದ್ದರು? ಮೈಸೂರು ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಕಲಿಸುತ್ತಿದ್ದಾಗ ಇಂದ್ರಾ ದೇವಿ ಅನ್ನುವ ವಿದೇಶಿ ಮಹಿಳೆ ಬಂದು ಕೇಳಿಕೊಂಡರು. ಆಚಾರ್ಯರು ಆಗಲ್ಲ ಅಂದರು. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಅವರಿಗೇನೋ ಮಹಾರಾಜರು ಸಿಕ್ಕರು. ನಮ್ಮ ಅಜ್ಜಿಯಂದಿರಿಗೆ, ಕೇರಿಯ ಹುಡುಗರಿಗೆ ಯಾರು ಶಿಫಾರಸು ಮಾಡುತ್ತಿದ್ದರು? ಜಾತಿ, ಹೆಣ್ಣು, ಮುಟ್ಟು ಅಂತೆಲ್ಲ ಬಾಗಿಲು ಹಾಕಿದ್ದವರು ಈಗ "ಮೊಬೈಲ್ ನೋಡಿ ಕಲಿತರು" ಅಂತ ಬೈದರೆ ನನಗೆ ಸಿಟ್ಟು ಬರುತ್ತದೆ. ಹಳ್ಳಿಯ ಒಬ್ಬ ಹೆಣ್ಣುಮಗಳು ಎಲ್ಲರೂ ಮಲಗಿದ ಮೇಲೆ ಮೊಬೈಲ್ ನೋಡಿ ಪ್ರಾಣಾಯಾಮ ಕಲಿಯುತ್ತಿದ್ದರೆ ಅವಳ ಹಂಬಲ ಯಾವ ಸಾಧಕನ ಹಂಬಲಕ್ಕೂ ಕಡಿಮೆಯದ್ದಲ್ಲ.

ಗುರು ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. ಮೈಸೂರಿನ ಪಟ್ಟಾಭಿ ಜೋಯಿಸರು ಅಷ್ಟಾಂಗ ಯೋಗಕ್ಕೆ ಜಗತ್ತನ್ನೇ ಕರೆತಂದವರು. ಆಸನ ತಿದ್ದುವ ನೆಪದಲ್ಲಿ ಅವರು ಮೈಮುಟ್ಟಿ ಅನುಚಿತವಾಗಿ ನಡೆದುಕೊಂಡರು ಅಂತ ಅನೇಕ ಶಿಷ್ಯೆಯರು ಹೇಳಿದರು. ಅವರು ತೀರಿಕೊಂಡಿದ್ದು 2009ರಲ್ಲಿ. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಪರಂಪರೆ, ಹೆಸರು, ವಿದ್ಯೆ ಎಲ್ಲ ಇದ್ದರೂ ಹೀಗಾಯಿತು. ಅದಕ್ಕೇ ನಾನು ಪಾದಪೂಜೆಯ ಗುರುವನ್ನು ಕೇಳುತ್ತಿಲ್ಲ. "ನೀವು ಯಾರ ಹತ್ತಿರ ಕಲಿತಿರಿ? ನನಗೆ ತೊಂದರೆ ಆದರೆ ಏನು ಮಾಡುತ್ತೀರಿ?" ಅಂತ ಕೇಳಿದರೆ ಮುಖ ಗಂಟಿಕ್ಕದೆ ಉತ್ತರ ಕೊಡುವವರು ಸಾಕು. ಮುಟ್ಟುವ ಮೊದಲು ಕೇಳುವವರು ಬೇಕು. ನಿಮ್ಮ ಮಾತ್ರೆ ನಿಲ್ಲಿಸಿ ಅಂತ ಯಾವತ್ತೂ ಹೇಳದವರು ಬೇಕು. ಮಾತ್ರೆ ನಿಲ್ಲಿಸಿ, ಪ್ರಾಣವೇ ಔಷಧಿ ಅನ್ನುವ ಮಾತು ಕೇಳಿದ ಕೂಡಲೇ ಅಲ್ಲಿಂದ ಎದ್ದು ಬನ್ನಿ.

ಅಲ್ಲಮ ಮತ್ತು ಗೋರಕ್ಷನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಾಧನೆಯಿಂದ ವಜ್ರಕಾಯನಾಗಿದ್ದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲ್ ಅಂತ ಸದ್ದಾಯಿತು. ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಲ್ಲಿ ಹೋದಂತೆ ಹೋಯಿತು. ಶಕ್ತಿ ಯಾಕೆ ಬೇಕು ಅನ್ನುವ ಪ್ರಶ್ನೆಯನ್ನು ಈ ನಾಡು 12ನೇ ಶತಮಾನದವರ ಬಾಯಲ್ಲೇ ಕೇಳಿಸಿಕೊಂಡಿದೆ. ನನ್ನ ಹತ್ತಿರ ಬರುವ ಹುಡುಗರಲ್ಲಿ ಎಷ್ಟೋ ಜನರಿಗೆ ಬೇಕಾಗಿರುವುದು ಕುಂಡಲಿನಿ ಅಲ್ಲ. ಪರೀಕ್ಷೆಯ ಭಯ ಹೋಗಬೇಕು, ಕೆಲಸ ಸಿಗದ ಅವಮಾನ ಮರೆಯಬೇಕು, ಯಾರಾದರೂ ಪಕ್ಕದಲ್ಲಿ ಕೂರಬೇಕು. ಅದನ್ನು ಕೇಳಿ ತಿಳಿಯಲು ಸಮಯ ಬೇಕು. ವಿಡಿಯೊ ಮಾಡುವವರಿಗೆ ಆ ಸಮಯ ಇಲ್ಲ, ಆದರೆ ಅಂಥವರ ಸಂಕಟದ ಮೇಲೇ ಅವರ ವ್ಯೂ ಬೆಳೆಯುತ್ತಿದೆ.

ವಿಡಿಯೊ ಮಾಡುವ ನನ್ನ ಸಹಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಕುಂಭಕ, ಬಂಧ, ದೀರ್ಘ ಭಸ್ತ್ರಿಕಾ ಇವನ್ನು ದಯವಿಟ್ಟು ಎದುರಿಗೆ ಕೂತವರಿಗಷ್ಟೇ ಕಲಿಸಿ. ಹಾಕಲೇಬೇಕು ಅಂದರೆ ಯಾರು ಮಾಡಬಾರದು ಅನ್ನುವುದನ್ನು ಮೊದಲ ನಿಮಿಷದಲ್ಲೇ ಹೇಳಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ. "ತಲೆ ಕಾಯ್ತಿದೆ, ನಿದ್ದೆ ಇಲ್ಲ" ಅಂತ ಯಾರಾದರೂ ಕೆಳಗೆ ಬರೆದರೆ ನಿಲ್ಲಿಸಿ ಅನ್ನಿ, ಡಾಕ್ಟರ ಹತ್ತಿರ ಹೋಗಿ ಅನ್ನಿ.

ಒಬ್ಬರೇ ಮಾಡಲು ಏನೂ ಇಲ್ಲವಾ ಅಂದರೆ, ಬೇಕಾದಷ್ಟಿದೆ. ಉಸಿರು ಹಿಡಿಯದೆ ಎಡ ಬಲ ಮೂಗಿನಲ್ಲಿ ನಿಧಾನವಾಗಿ ಉಸಿರಾಡುವುದು, ಬಿಡುವ ಉಸಿರನ್ನು ಸ್ವಲ್ಪ ಉದ್ದ ಮಾಡುವುದು, ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ, ಶವಾಸನ. ದಿನಕ್ಕೆ ಹತ್ತು ಹದಿನೈದು ನಿಮಿಷ. ಹೆಚ್ಚಿನವರಿಗೆ ಇದರಿಂದ ತೊಂದರೆ ಇಲ್ಲ, ಹಾಯಾಗಿರುತ್ತದೆ. ಮಾಡುವಾಗ ಕಸಿವಿಸಿಯಾದರೆ ಬಿಟ್ಟು ಎದ್ದು ಒಂದು ಸುತ್ತು ನಡೆದು ಬನ್ನಿ.

ಈಗಾಗಲೇ ಏನೇನೋ ಮಾಡಿ ಒಳಗೊಳಗೇ ಹೆದರಿರುವವರು ಇದನ್ನು ಓದುತ್ತಿದ್ದರೆ, ಇವತ್ತಿಗೆ ಸಾಧನೆ ಪೂರ್ತಿ ನಿಲ್ಲಿಸಿ. ಹೊಟ್ಟೆ ತುಂಬ ಊಟ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಯೋಗ ಮಾಡಿ ಹೀಗಾಯಿತು ಅಂದರೆ ನಗುತ್ತಾರೆ ಅನ್ನುವ ಅಂಜಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ಯೋಗದವರೂ ಒಂದೇ ಆವರಣದಲ್ಲಿ ಇದ್ದಾರೆ. ನನಗೆ ಮೆಸೇಜ್ ಮಾಡಿದರೂ ಆಗಬಹುದು, ಬೈಯುವುದಿಲ್ಲ. ಯಾವ ಚಕ್ರದಲ್ಲಿ ಏನಾಯಿತು ಅಂತಲೂ ಮೊದಲು ಕೇಳುವುದಿಲ್ಲ. ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದಿರಿ ಅಂತ ಕೇಳುತ್ತೇನೆ, ಅಷ್ಟನ್ನು ಬರೆದು ಕಳಿಸಿ.